ಹುಡುಗಿಯರ ಬೆಂಚಿಗೆ ಬಂದ ಕಾರ್ಡು

ನನ್ನ ಟ್ರಂಕಿನ ತಳದಲ್ಲಿ, ಹಾಸಿದ ಹಳೆಯ ಪತ್ರಿಕೆಯ ಕೆಳಗೆ, ಏಳು ವರ್ಷ ಒಂದು ಪೋಸ್ಟ್ ಕಾರ್ಡು ಇತ್ತು. ವಿಳಾಸದ ಕಡೆ ಭರ್ತಿಯಾಗಿತ್ತು, ಸುದ್ದಿ ಬರೆಯುವ ಕಡೆ ಖಾಲಿ. ವಿಳಾಸ ಸೊರಬದ ನಮ್ಮ ಹೈಸ್ಕೂಲಿನದು. ಅಕ್ಷರ ನನ್ನದೇ, ಆದರೆ ಈಗಿನದಕ್ಕಿಂತ ದುಂಡಗಿತ್ತು.

ಆ ಕಾರ್ಡು ನಮ್ಮ ಹೆಡ್‌ಮಾಸ್ತರರ ಪದ್ಧತಿ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಬೀಳ್ಕೊಡುವ ದಿನ ಅವರು ಪ್ರತಿಯೊಬ್ಬರ ಕೈಗೂ ಒಂದು ಖಾಲಿ ಕಾರ್ಡು ಕೊಡುತ್ತಿದ್ದರು. ಎದುರಿಗೇ ಕೂರಿಸಿಕೊಂಡು ಶಾಲೆಯ ವಿಳಾಸ ಬರೆಸುತ್ತಿದ್ದರು. “ಹೇಳುವಂಥದ್ದು ಏನಾದರೂ ಆದ ದಿನ ಡಬ್ಬಿಗೆ ಹಾಕಿ. ಆತುರ ಇಲ್ಲ. ಕಾರ್ಡು ಮಾತ್ರ ಕಳೀಬೇಡಿ” ಎನ್ನುತ್ತಿದ್ದರು. ಕೆಲವು ಕಾರ್ಡು ಆರು ತಿಂಗಳಿಗೆ ಬರುತ್ತಿದ್ದವು, ಕೆಲವು ಹತ್ತು ವರ್ಷಕ್ಕೆ. ಒಂದು ವರ್ಷದಲ್ಲಿ ಬಂದವನ್ನೆಲ್ಲ ಕಟ್ಟಿಟ್ಟು, ಮುಂದಿನ ಬೀಳ್ಕೊಡುಗೆಯ ದಿನ ಗಟ್ಟಿಯಾಗಿ ಓದುತ್ತಿದ್ದರು. ಹಳೆಯ ವಿದ್ಯಾರ್ಥಿಗಳಿಗೆ ನಮ್ಮಲ್ಲಿ ನಡೆಯುತ್ತಿದ್ದ ಸನ್ಮಾನ ಅಷ್ಟೇ. ಹಾರ, ಶಾಲು ಇರಲಿಲ್ಲ.

ಕಾರ್ಡು ಬರೆದವರ ಹೆಸರನ್ನು ಅವರು ಓದುತ್ತಿರಲಿಲ್ಲ. ಬರೆದವರು ಯಾವ ಬೆಂಚಿನಲ್ಲಿ, ಯಾವ ಜಾಗದಲ್ಲಿ ಕೂರುತ್ತಿದ್ದರು ಎಂದು ಹೇಳುತ್ತಿದ್ದರು. “ಮೂರನೇ ಬೆಂಚು, ಕಿಟಕಿ ಪಕ್ಕ” ಎಂದರೆ ಈಗ ಆ ಜಾಗದಲ್ಲಿ ಕೂತಿರುವ ಹುಡುಗ ಎದ್ದು ನಿಲ್ಲಬೇಕು. ಓದಿ ಮುಗಿಯುವವರೆಗೆ ಕೂರುವಂತಿಲ್ಲ. ಯಾಕೆ ಸಾರ್ ಹೀಗೆ ಎಂದು ನಮ್ಮ ತರಗತಿಯವರು ಒಮ್ಮೆ ಕೇಳಿದ್ದರು.

“ಹೆಸರು ಹೇಳಿದರೆ ಅದು ಅವನ ಸುದ್ದಿ ಆಗುತ್ತೆ ಕಣ್ರೋ. ಬೆಂಚು ಹೇಳಿದರೆ ನಿಮ್ಮ ಸುದ್ದಿ.”

ನನ್ನ ವರ್ಷ ತರಗತಿಯಲ್ಲಿ ಇದ್ದ ಹುಡುಗಿ ನಾನೊಬ್ಬಳೇ. ನನ್ನ ಬೆಂಚು ಸಾಲಿನಲ್ಲಿ ಇರಲಿಲ್ಲ. ಬಾಗಿಲ ಹತ್ತಿರ, ಬೋರ್ಡಿಗೆ ಅಡ್ಡವಾಗಿ, ಬೇರೆ ಹಾಕಿದ್ದರು. ಅಲ್ಲಿಂದ ಬೋರ್ಡಿನ ಬಲಭಾಗ ಹೊಳೆಯುತ್ತಿತ್ತು. ಅಲ್ಲಿ ಬರೆದದ್ದನ್ನು ಓದಲು ಕತ್ತು ವಾಲಿಸಬೇಕಿತ್ತು. ಆ ಬೆಂಚಿಗೆ ಎಂದೂ ಕಾರ್ಡು ಬಂದಿರಲಿಲ್ಲ.

ಇಂಟರ್‌ಮೀಡಿಯಟ್ ಮುಗಿದಾಗ ನಾನು ಕಾರ್ಡನ್ನು ಹೊರಗೆ ತೆಗೆದೆ. ಇಷ್ಟಕ್ಕೇ ಬರೆಯುವುದೇ ಎಂದು ಒಳಗಿಟ್ಟೆ. ಮೈಸೂರಿನಲ್ಲಿ ಬಿ.ಎ. ಮುಗಿದಾಗ ಮತ್ತೆ ತೆಗೆದೆ. “ಬಿ.ಎ. ಪಾಸಾದೆ” ಎಂದು ಬೇರೆ ಹಾಳೆಯ ಮೇಲೆ ಬರೆದು ನೋಡಿದೆ. ಜಂಭದಂತೆ ಕಂಡಿತು. ನಲವತ್ತು ಹುಡುಗರ ನಡುವೆ ಅದನ್ನು ಯಾರೋ ಗಟ್ಟಿಯಾಗಿ ಓದುವುದನ್ನು ನೆನೆದು ಕಿವಿ ಬಿಸಿಯಾಯಿತು. ನನ್ನ ವಿಷಯ ಇನ್ನೊಬ್ಬರ ಬಾಯಲ್ಲಿ ಬರುವುದು ನನಗೆ ಮೊದಲಿನಿಂದಲೂ ಒಗ್ಗದ್ದು. ಕಾರ್ಡು ಪತ್ರಿಕೆಯ ಕೆಳಕ್ಕೇ ಹೋಯಿತು.

ಶಿಕಾರಿಪುರದಲ್ಲಿ ಹುಡುಗಿಯರ ಮಿಡ್ಲ್ ಸ್ಕೂಲಿಗೆ ನಾನು ಟೀಚರಾಗಿ ಬಂದದ್ದು ಹೊಸ ಪೈಸೆ ಚಲಾವಣೆಗೆ ಬಂದ ವರ್ಷ. ಒಬ್ಬ ಅಜ್ಜಿಯ ಮನೆಯಲ್ಲಿ ಬೀದಿ ಕಡೆಯ ಕೋಣೆ ಸಿಕ್ಕಿತು. ಗಂಡ ತೀರಿಕೊಂಡ ಮೇಲೆ ಆಕೆ ಎರಡು ಎಮ್ಮೆ ಸಾಕಿಕೊಂಡು ಒಬ್ಬರೇ ಇದ್ದರು. ಅವರ ಅಡುಗೆಮನೆಯ ಹೊಸಿಲನ್ನು ಇನ್ನೊಬ್ಬರು ದಾಟುವಂತಿರಲಿಲ್ಲ. ನನ್ನದು ಕೋಣೆಯ ಮೂಲೆಯಲ್ಲೇ ಸೀಮೆಎಣ್ಣೆ ಸ್ಟೌ. ಕೋಣೆಗೆ ಒಳಗಿನಿಂದ ಚಿಲಕ ಇತ್ತು. ನಾಲ್ಕು ವರ್ಷ ಹಾಸ್ಟೆಲಿನಲ್ಲಿ ಮೂವರ ಜತೆ ಮಲಗಿ ಎದ್ದವಳಿಗೆ ಆ ಚಿಲಕದ ಬೆಲೆ ಗೊತ್ತು. ಶಾಲೆಯಿಂದ ಬಂದು ಅದನ್ನು ಹಾಕಿಕೊಂಡ ಕೂಡಲೇ ನನ್ನ ಭುಜ ಎರಡು ಬೆರಳು ಇಳಿಯುತ್ತಿತ್ತು.

ಮರುವರ್ಷ ಫೆಬ್ರವರಿಯಲ್ಲಿ ಹೆಡ್‌ಮಾಸ್ತರರ ಕಾಗದ ಬಂತು. “ತಮ್ಮ ಕಾರ್ಡು ಈವರೆಗೆ ತಲುಪದ ಕಾರಣ, ತಾವು ಖುದ್ದು ಹಾಜರಾಗಿ ಮಕ್ಕಳಿಗೆ ನಾಲ್ಕು ಮಾತು ಹೇಳತಕ್ಕದ್ದು” ಎಂದು ಸರ್ಕಾರಿ ಧಾಟಿಯಲ್ಲಿ ಬರೆದಿದ್ದರು. ತಪ್ಪಿಸಿಕೊಳ್ಳುವ ದಾರಿ ಕಾಣಲಿಲ್ಲ. ಭಾಷಣವನ್ನು ಮೂರು ಹಾಳೆಗೆ ಬರೆದು, ಎರಡು ಸಲ ತಿದ್ದಿ, ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕು. ಅವತ್ತು ಅಲ್ಲಿ ಸಂತೆ. ಮೆಣಸಿನಕಾಯಿ ಚೀಲದ ಮೇಲೆ ಕೂತು ಸೊರಬ ತಲುಪುವಾಗ ಸೀನಿ ಸೀನಿ ಕಣ್ಣು ಕೆಂಪಾಗಿತ್ತು.

“ಅಳ್ತಾ ಬಂದೆಯೇನಮ್ಮಾ? ಹೆದರಬೇಡ, ಇವತ್ತು ಯಾರೂ ನಿನಗೆ ಲೆಕ್ಕ ಕೊಡಲ್ಲ” ಎಂದರು ಹೆಡ್‌ಮಾಸ್ತರರು. ಜಗುಲಿಯ ತುದಿಗೆ ಕರೆದುಕೊಂಡು ಹೋಗಿ ದನಿ ಇಳಿಸಿದರು. “ಈ ವರ್ಷ ನಿನ್ನ ಬೆಂಚಿನಲ್ಲಿ ಒಬ್ಬಳು ಇದ್ದಾಳೆ. ಒಳ್ಳೆಯ ಹುಡುಗಿ. ಎರಡು ಮೈಲಿ ನಡೆದು ಬರ್ತಾಳೆ, ಮೂರು ವರ್ಷ ಒಂದು ದಿನ ತಡ ಮಾಡಿಲ್ಲ. ಪರೀಕ್ಷೆ ನಂಬರೂ ಬಂದಿದೆ. ಈಗ ಅವಳ ಅಪ್ಪ ಪರೀಕ್ಷೆಗೆ ಕಳಿಸಲ್ಲ ಅಂತ ಕೂತಿದ್ದಾನೆ. ಹೇಳಿ ಹೇಳಿ ನನಗೆ ಸಾಕಾಯ್ತು. ನಿನ್ನನ್ನ ಕಣ್ಣಾರೆ ಕಂಡರೆ ಮನಸ್ಸು ಬದಲಾಗಬಹುದು ಅಂತ ಅವನಿಗೂ ಬರೋಕೆ ಹೇಳಿದ್ದೀನಿ.”

ಯಾಕೆ ಕಳಿಸುವುದಿಲ್ಲ ಎಂದು ನಾನು ಕೇಳಲಿಲ್ಲ. ಹೆಣ್ಣುಮಕ್ಕಳಿಗೆ ಓದೇಕೆ ಎನ್ನುವ ಅಪ್ಪಂದಿರನ್ನು ನಾನು ಬಲ್ಲೆ ಎಂದುಕೊಂಡಿದ್ದೆ. ನನ್ನ ಮೂರು ಹಾಳೆ ಅಂಥವರಿಗೇ ಬರೆದದ್ದು.

ಸಭೆ ನಡೆದದ್ದು ತರಗತಿಯಲ್ಲೇ. ಬೆಂಚುಗಳು ಇದ್ದಲ್ಲೇ ಇರಬೇಕಲ್ಲ. ಹಿಂದಿನ ಗೋಡೆಗೆ ಏಳೆಂಟು ಮಂದಿ ತಂದೆಯರು ನಿಂತಿದ್ದರು. ಬಾಗಿಲ ಹತ್ತಿರದ ಬೆಂಚಿನಲ್ಲಿ ಆ ಹುಡುಗಿ ಕೂತಿದ್ದಳು. ಸಣ್ಣ ಮೈ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಬೋರ್ಡಿನ ಮೇಲೆ ಏನೂ ಬರೆದಿರದಿದ್ದರೂ ಕತ್ತು ಎಡಕ್ಕೆ ವಾಲಿತ್ತು. ನೋಡಿ ನಗು ಬಂತು, ಆಮೇಲೆ ನನ್ನ ಕತ್ತನ್ನು ನೆಟ್ಟಗೆ ಮಾಡಿಕೊಂಡೆ.

ಆ ವರ್ಷ ಬಂದ ಕಾರ್ಡು ಐದು. “ಮೊದಲನೇ ಬೆಂಚು, ಗೋಡೆ ಪಕ್ಕ” ರೈಲ್ವೆಯಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಸೇರಿತ್ತು. “ನಾಲ್ಕನೇ ಬೆಂಚು, ನಡುವೆ” ಡಾಕ್ಟರಿಕೆಯ ಎರಡನೇ ವರ್ಷ ದಾಟಿತ್ತು. ಹುಡುಗರು ಸರದಿಯಂತೆ ಎದ್ದು, ತಮ್ಮದಲ್ಲದ ಸುದ್ದಿಗೆ ತಾವೇ ನಾಚಿಕೊಂಡು, ಶರಟಿನ ತುದಿ ಎಳೆಯುತ್ತ ನಿಂತರು. ಕೊನೆಯ ಕಾರ್ಡನ್ನು ಹೆಡ್‌ಮಾಸ್ತರರು ಅದೇ ದನಿಯಲ್ಲಿ ಓದಿದರು.

“ಕಡೇ ಬೆಂಚು, ಕಡೇ ಜಾಗ. ‘ಎರಡು ಸಲ ಕಟ್ಟಿದರೂ ಪಾಸಾಗಲಿಲ್ಲ. ಈಗ ಶಿರಾಳಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದೇನೆ. ಪರೀಕ್ಷೆಗೆ ಹೋಗುವ ನಮ್ಮ ಶಾಲೆಯ ಮಕ್ಕಳಿಗೆ ಪಂಕ್ಚರ್ ಪುಕ್ಕಟೆ.’”

ಚಪ್ಪಾಳೆ ಎಲ್ಲಕ್ಕಿಂತ ಜೋರಾಗಿ ಬಿದ್ದದ್ದು ಅದಕ್ಕೆ.

“ಸಾರ್, ಪಂಕ್ಚರ್ ಮಾಡಿಕೊಂಡೇ ಹೋಗ್ತೀವಿ” ಎಂದು ಯಾರೋ ಕೂಗಿದರು.

“ಮೊದಲು ಸೈಕಲ್ ತಗೊಳ್ಳಲೇ” ಎಂದ ಇನ್ನೊಬ್ಬ.

ಆಮೇಲೆ ಹೆಡ್‌ಮಾಸ್ತರರು ನನ್ನ ಕಡೆ ಕೈ ತೋರಿಸಿದರು. “ಹುಡುಗಿಯರ ಬೆಂಚಿಗೆ ಕಾರ್ಡು ಬಂದಿಲ್ಲ. ಬೆಂಚಿನವರೇ ಬಂದಿದ್ದಾರೆ.”

ಎಲ್ಲರೂ ಆ ಹುಡುಗಿಯನ್ನು ನೋಡಿದರು. ಕಾರ್ಡು ಓದಿದರೆ ತಾನೆ ಏಳುವುದು? ಏಳಬೇಕೋ ಬೇಡವೋ ತಿಳಿಯದೆ ಅವಳು ಅರ್ಧ ಎದ್ದು ಕೂತಳು.

ನಾನು ಓದಿದೆ. ಓದಿದೆ ಎಂದೇ ಹೇಳಬೇಕು, ಮಾತಾಡಿದೆ ಎನ್ನಲಾರೆ. ಎರಡನೇ ಹಾಳೆ ತಿರುಗಿಸುವಾಗ ಹಿಂದಿನ ಬೆಂಚಿನ ಪಿಸುಮಾತು ಸ್ಪಷ್ಟವಾಗಿ ಕೇಳಿತು. “ಅಕ್ಕೋರು ನೋಡ್ಕಂಡು ಓದಬಹುದು, ನಾವು ಮಾತ್ರ ಕಾಪಿ ಹೊಡೀಬಾರದು.” ಮನಸ್ಸು ಗಟ್ಟಿಯಿದ್ದರೆ ದಾರಿ ತಾನಾಗಿ ತೆರೆಯುತ್ತದೆ, ನಾನು ಇದೇ ಬೆಂಚಿನಿಂದ ಹೋದವಳು, ನನಗೆ ಸಾಧ್ಯವಾದದ್ದು ಎಲ್ಲರಿಗೂ ಸಾಧ್ಯ ಎಂಬ ಅರ್ಥದ ಮಾತು ಮೂರನೇ ಹಾಳೆಯಲ್ಲಿತ್ತು. ಅದನ್ನು ಬರೆದಾಗ ನನಗೆ ಬಹಳ ಹಿಡಿಸಿತ್ತು.

“ಯಾರಾದರೂ ಕೇಳುವುದಿದ್ದರೆ ಕೇಳಿ” ಎಂದರು ಹೆಡ್‌ಮಾಸ್ತರರು.

ಗೋಡೆಯ ಹತ್ತಿರ ನಿಂತಿದ್ದ ಒಬ್ಬರು ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡರು. ಬಿಸಿಲಲ್ಲಿ ದುಡಿದ ಮೈ, ಕತ್ತಿನ ತನಕ ಗುಂಡಿ ಹಾಕಿದ ಬಿಳಿ ಅಂಗಿ, ಸಭೆಗೆಂದೇ ಹಾಕಿಕೊಂಡು ಬಂದದ್ದು.

“ಅಕ್ಕೋರೇ, ನೀವು ಪರೀಕ್ಷೆ ಬರಿಯಾಕೆ ಶಿಕಾರಿಪುರಕ್ಕೆ ಹೋಗಿದ್ರಲ್ಲ. ಎಲ್ಲಿ ಉಳಕಂಡಿದ್ರಿ?”

ಆಗ ನಮ್ಮ ಶಾಲೆಯ ಮಕ್ಕಳಿಗೆ ಪರೀಕ್ಷೆಯ ಕೇಂದ್ರ ಶಿಕಾರಿಪುರದಲ್ಲಿತ್ತು. ಹತ್ತು ದಿನ ಅಲ್ಲೇ ಇರಬೇಕು. ಹುಡುಗರು ಅಕ್ಕಿ ಕಟ್ಟಿಕೊಂಡು ಗುಂಪಾಗಿ ಹೋಗಿ ಛತ್ರದಲ್ಲಿ ಉಳಿಯುತ್ತಿದ್ದರು.

“ನಮ್ಮ ಸೋದರತ್ತೆ ಮನೆಯಲ್ಲಿ” ಎಂದೆ. ನಾನು ಟೀಚರಾಗಿ ಹೋಗುವ ಹೊತ್ತಿಗೆ ಅತ್ತೆ ಆ ಊರು ಬಿಟ್ಟಿದ್ದಳು.

“ನಮಗೆ ಅಲ್ಲಿ ಅತ್ತೆ ಮನೆ ಇಲ್ಲ ನೋಡ್ರೀ. ಅಣ್ಣ ತಮ್ಮ, ಬೀಗರು, ಯಾರೂ ಇಲ್ಲ. ಹುಡುಗಿನ ಛತ್ರಕ್ಕೆ ಬಿಡಾಕೆ ಆಗ್ತದಾ? ಮೂರು ವರ್ಷ ಓದಿಸಿದ್ದು ನಾನೇ. ಬ್ಯಾಡ ಅಂದಿದ್ರೆ ಆಗಲೇ ಅಂತಿದ್ದೆ.” ಟವಲನ್ನು ಹೆಗಲಿಗೆ ಹಾಕಿಕೊಂಡರು. “ಅಷ್ಟೇ ಕೇಳಾಣ ಅಂತಿದ್ದೆ. ತಪ್ಪು ತಿಳೀಬ್ಯಾಡ್ರಿ.”

ತಪ್ಪು ತಿಳಿದದ್ದು ಮೊದಲೇ ಆಗಿತ್ತು. ನನ್ನ ಮೂರು ಹಾಳೆಯಲ್ಲಿ ಸೋದರತ್ತೆ ಎಲ್ಲೂ ಇರಲಿಲ್ಲ. ಬೆಳಿಗ್ಗೆ ಎಬ್ಬಿಸಿ ಬಿಸಿ ಹಾಲು ಕೊಟ್ಟವಳು, ಪರೀಕ್ಷೆಯ ಶಾಲೆಯ ಗೇಟಿನ ತನಕ ದಿನಾ ನಡೆದು ಬಂದವಳು, ಇತಿಹಾಸದ ದಿನ ನಾನು ಅತ್ತಾಗ ತಲೆ ಬಾಚಿ ಕಳಿಸಿದವಳು, ಅವಳನ್ನು ಬಿಟ್ಟು ನಾನು ಮನಸ್ಸಿನ ಗಟ್ಟಿತನದ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ಹಾಳೆಗಳನ್ನು ಮಡಚಿದೆ. ಹೆಡ್‌ಮಾಸ್ತರರು ಸಭೆಯನ್ನು ಮುಂದಕ್ಕೆ ನಡೆಸಿದರು.

ಕಾರ್ಡು ಹಂಚಿದರು. ಹುಡುಗರು ಗಲಾಟೆ ಮಾಡುತ್ತ, ಒಬ್ಬರ ಲೇಖನಿ ಒಬ್ಬರು ಕಸಿಯುತ್ತ ವಿಳಾಸ ಬರೆದರು. ಆ ಹುಡುಗಿಯೂ ಬರೆದಳು. ಒತ್ತಕ್ಷರಗಳನ್ನು ಒಂದೊಂದಾಗಿ, ಶಾಯಿ ಹರಡದಂತೆ, ತುದಿಯಲ್ಲಿ ‘ಜಿಲ್ಲೆ ಶಿವಮೊಗ್ಗ’ ಎಂದು ಸೇರಿಸಿ. ಒಣಗಲಿ ಎಂದು ಊದಿದಳು. ಪರೀಕ್ಷೆಗೆ ಹೋಗದವಳು ಆ ಕಾರ್ಡಿನಲ್ಲಿ ಏನು ಬರೆಯುತ್ತಾಳೆ ಎಂದು ನಾನು ಯೋಚಿಸಿದೆ. ನನ್ನ ಟ್ರಂಕಿನ ತಳ ನೆನಪಾಯಿತು.

ಉಪ್ಪಿಟ್ಟು ಕೊಡುವಾಗ ಅವಳ ತಂದೆ ಕೈ ತೊಳೆಯಲು ಬಾವಿಯ ಕಡೆ ಹೋದರು. ನಾನೂ ಹೋದೆ.

“ಶಿಕಾರಿಪುರದಲ್ಲಿ ನನ್ನ ಕೋಣೆ ಇದೆ” ಎಂದೆ. ಹೇಳಿದ ಮೇಲೆ ಆ ಮಾತು ನನ್ನದೇ ಎಂದು ತಿಳಿಯಿತು.

ಅವರು ತಂಬಿಗೆ ಕೆಳಗಿಟ್ಟರು. “ಮನೇಲಿ ಗಂಡಸರು?”

“ಇಲ್ಲ. ಮನೆಯ ಅಜ್ಜಿ, ನಾನು, ಎರಡು ಎಮ್ಮೆ.”

“ಎಮ್ಮೆ ಇದ್ರೆ ಒಳ್ಳೇದೇ” ಎಂದು ಸಣ್ಣಗೆ ನಕ್ಕರು. ಮತ್ತೆ ಗಂಭೀರವಾದರು. “ನಿಮಗೆ ತ್ರಾಸಲ್ಲೇನ್ರೀ? ನಾವು ಯಾರೋ, ನೀವು ಯಾರೋ.”

ತ್ರಾಸು ಎಂದು ಹೇಳಬೇಕೆನ್ನಿಸಿತು. “ಒಂದೇ ಬೆಂಚಿನವರು” ಎಂದೆ. ಅವರು ತಂಬಿಗೆಯನ್ನು ಬಾವಿಯ ಕಟ್ಟೆಗೆ ಎತ್ತಿಟ್ಟರು. “ಮನೇಲಿ ಕೇಳ್ಬೇಕು” ಎಂದಷ್ಟೇ ಹೇಳಿ ಹೋದರು.

ಅಜ್ಜಿಯನ್ನು ನಾನು ಕೇಳಿಯೇ ಇರಲಿಲ್ಲ. ಮರುದಿನ ಬೆಳಿಗ್ಗೆ ಅವರು ಹಾಲು ಕರೆಯುವಾಗ ಹೋಗಿ ನಿಂತೆ, ವಿಷಯ ಹೇಳಿದೆ. ಕೆಚ್ಚಲಿನಿಂದ ಕೈ ತೆಗೆಯದೆ ಅವರು ಕೇಳಿದರು:

“ಯಾರ ಪೈಕಿ ಅದಾಳ ಆ ಹುಡುಗಿ?”

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ರಾತ್ರಿಯಿಡೀ ತಯಾರಿಸಿದ್ದ ವಿವರಣೆಯೆಲ್ಲ ಆ ಹೊತ್ತಿಗೆ ಮರೆತುಹೋಯಿತು. “ಪರೀಕ್ಷೆ ಪೈಕಿ, ಅಜ್ಜಿ” ಎಂದೆ.

ಅಜ್ಜಿ ತಿರುಗಿ ನೋಡಿದರು. “ಇಷ್ಟು ದಿನ ಒಂದು ಮಾತು ಆಡದಾಕಿ, ಈಗ ಚೇಷ್ಟೆ ಬ್ಯಾರೆ” ಎಂದರು. ಪಾತ್ರೆಯ ನೊರೆ ಮೇಲಕ್ಕೆ ಬಂತು. “ನನ್ನ ಅಡುಗಿಮನಿಗೆ ಬರಬಾರದು. ನೀನೂ ಬರಂಗಿಲ್ಲ, ಆಕಿನೂ ಬರಂಗಿಲ್ಲ. ಹಾಲು ಬೇಕಾದರ ಜಗಲಿಗೆ ಕೊಡ್ತೀನಿ.”

ಹುಡುಗಿ ಬರುತ್ತಾಳೋ ಇಲ್ಲವೋ ಎಂಬುದು ಮಾರ್ಚ್ ತಿಂಗಳೆಲ್ಲ ತಿಳಿಯಲಿಲ್ಲ. ಸಾಯಂಕಾಲ ಸೊರಬದ ಕಡೆಯಿಂದ ಬರುವ ಬಸ್ಸಿನ ಸದ್ದಾದಾಗಲೆಲ್ಲ ನಾನು ಓದುತ್ತಿದ್ದ ಸಾಲನ್ನು ಮತ್ತೊಮ್ಮೆ ಓದಬೇಕಾಗುತ್ತಿತ್ತು. ಬರದಿದ್ದರೆ ಚಿಲಕ ನನ್ನದೇ ಉಳಿಯುತ್ತದೆ ಎಂಬ ಸಣ್ಣ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬರಲಿ ಎಂಬುದು ಅದಕ್ಕಿಂತ ದೊಡ್ಡದಿತ್ತು, ಅಷ್ಟು ಮಾತ್ರ ಹೇಳಬಲ್ಲೆ.

ಪರೀಕ್ಷೆಗೆ ಎರಡು ದಿನ ಇರುವಾಗ ತಂದೆ ಮಗಳು ಬಂದರು. ಸುತ್ತಿದ ಹಾಸಿಗೆ, ಒಂದು ಚೀಲ ಅಕ್ಕಿ, ಡಬ್ಬಿಯಲ್ಲಿ ಜೋನಿಬೆಲ್ಲ. ತಂದೆ ಜಗುಲಿಯಲ್ಲೇ ಕೂತು, ಎಮ್ಮೆಗಳನ್ನು ಹೊಗಳಿ, ಅಜ್ಜಿಯ ಮನಸ್ಸು ಗೆದ್ದು, ಅದೇ ಬಸ್ಸಿಗೆ ವಾಪಸಾದರು. ಹೋಗುವಾಗ ಮಗಳಿಗೆ ಹೇಳಿದ್ದು ಒಂದೇ ಮಾತು: “ಅಕ್ಕೋರ ಪುಸ್ತಕ ಮುಟ್ಟಬ್ಯಾಡ.”

ಅವಳು ಮುಟ್ಟಿದಳು. ಮೊದಲ ದಿನವೇ ನನ್ನ ಮೇಜನ್ನು ಒರೆಸಿ, ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿದಳು. ನಾನು ವಿಷಯದ ಪ್ರಕಾರ ಇಟ್ಟಿದ್ದೆ. ಅವಳಿಗೆ ಗಟ್ಟಿಯಾಗಿ ಓದದಿದ್ದರೆ ತಲೆಗೆ ಹತ್ತುತ್ತಿರಲಿಲ್ಲ. ಬೆಳಗಿನ ಜಾವ ಐದಕ್ಕೇ ಎದ್ದು ರೇಖಾಗಣಿತದ ಪ್ರಮೇಯಗಳನ್ನು ಹಾಡಿನಂತೆ ಹೇಳುತ್ತಿದ್ದಳು. ನಾಲ್ಕನೇ ದಿನದ ಹೊತ್ತಿಗೆ ಅಜ್ಜಿ ಹಾಲು ಕರೆಯುತ್ತ “ಎರಡು ಭುಜ ಸಮ ಇದ್ದರ” ಎಂದು ತಾವೂ ಗುನುಗುತ್ತಿದ್ದುದನ್ನು ಕೇಳಿದೆ.

ಪರೀಕ್ಷೆಯ ಶಾಲೆಯ ಗೇಟಿನ ತನಕ ದಿನಾ ನಡೆದು ಹೋಗಿ ಬಿಡುತ್ತಿದ್ದೆ. ನಾವು ಹೆಚ್ಚು ಮಾತಾಡುತ್ತಿರಲಿಲ್ಲ. ಒಮ್ಮೆ ಅವಳು ಗುಡವಿಯ ಕೆರೆಯ ವಿಷಯ ಹೇಳಿದಳು. ಅದು ಅವಳ ಅಜ್ಜನ ಊರು. ಮಳೆಗಾಲದಲ್ಲಿ ಬಿಳಿ ಹಕ್ಕಿಗಳು ಎಲ್ಲಿಂದಲೋ ಬಂದು ಮರದ ತುಂಬ ಗೂಡು ಕಟ್ಟುತ್ತವಂತೆ. ಅವಕ್ಕೆ ಅಲ್ಲಿ ನೆಂಟರಿದ್ದಾರಾ ಎಂದು ಚಿಕ್ಕಂದಿನಲ್ಲಿ ಅಜ್ಜನನ್ನು ಕೇಳುತ್ತಿದ್ದಳಂತೆ.

ಗಣಿತದ ಪರೀಕ್ಷೆ ಮುಗಿದ ಸಂಜೆ ಅಕ್ಕಿ ಆರಿಸುತ್ತ ಅವಳು ತಲೆ ಎತ್ತದೆ ಕೇಳಿದಳು. “ಅಕ್ಕೋರೇ, ನೀವ್ಯಾಕೆ ಕಾರ್ಡು ಹಾಕ್ಲಿಲ್ಲ?”

“ಹೇಳುವಂಥದ್ದು ಏನೂ ಆಗಲಿಲ್ಲ ಅನ್ನಿಸಿತ್ತು.”

“ಬಿಎ ಆಯ್ತಲ್ಲ.”

ಅವಳು ಒಂದು ಕಲ್ಲು ಹುಡುಕಿ ಬದಿಗಿಟ್ಟಳು. “ನಾನು ಮೂರು ವರ್ಷ ಸಭೆ ದಿನ ಆ ಬೆಂಚಲ್ಲೇ ಕೂತೆ. ಪ್ರತಿ ಸಲ ಹೆಡ್‌ಮಾಸ್ತರು ಕಾರ್ಡಿನ ಕಟ್ಟು ಬಿಚ್ಚಿದಾಗ ಲಂಗ ಸರಿ ಮಾಡ್ಕಂಡು ಕೂರ್ತಿದ್ದೆ. ಒಂದ್ ಸಲನೂ ಎದ್ದು ನಿಲ್ಲಲಿಲ್ಲ.”

ದೂರಿನ ದನಿ ಅದರಲ್ಲಿ ಇರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಿತ್ತು.

ಕೊನೆಯ ಪರೀಕ್ಷೆ ಮುಗಿಸಿ ಅವಳು ಊರಿಗೆ ಹೋದ ಮೇಲೆ ಚಿಲಕ ಹಾಕಿಕೊಂಡು ಕೂತೆ. ಭುಜ ಇಳಿಯಲಿಲ್ಲ. ಪುಸ್ತಕಗಳು ಎತ್ತರದ ಪ್ರಕಾರವೇ ಇದ್ದವು; ಹಾಗೇ ಬಿಟ್ಟೆ. ಟ್ರಂಕಿನಿಂದ ಕಾರ್ಡು ತೆಗೆದು ಇಷ್ಟು ಬರೆದೆ:

“ಬಿ.ಎ. ಪಾಸಾದೆ. ಎಸ್ಸೆಸ್ಸೆಲ್ಸಿ ಬರೆಯಲು ನನಗೆ ಶಿಕಾರಿಪುರದಲ್ಲಿ ಸೋದರತ್ತೆಯ ಮನೆ ಇತ್ತು. ಸಭೆಯಲ್ಲಿ ಅದನ್ನು ಹೇಳಲು ಮರೆತೆ. ಈಗ ನನಗೆ ಇಲ್ಲಿ ಒಂದು ಕೋಣೆ ಇದೆ. ಹುಡುಗಿಯರ ಬೆಂಚಿನಿಂದ ಪರೀಕ್ಷೆಗೆ ಬರುವವರು ಅದರಲ್ಲಿ ಉಳಿಯಬಹುದು. ಮನೆಯಲ್ಲಿ ಗಂಡಸರಿಲ್ಲ. ಎಮ್ಮೆ ಇವೆ.”

ಆಣೆಯ ಕಾಲದ ಆ ಕಾರ್ಡಿಗೆ ಇನ್ನೊಂದು ಸ್ಟಾಂಪು ಹಚ್ಚಬೇಕೇ ಎಂದು ಪೋಸ್ಟ್ ಮಾಸ್ತರರನ್ನು ಕೇಳಿದೆ. ಅವರು ಕಾರ್ಡನ್ನು ತಿರುಗಿಸಿ ನೋಡಿ, ಓದಿಯೂ ನೋಡಿ, “ಹಚ್ಚಿಬಿಡ್ರೀ, ತಲುಪಬೇಕಾದದ್ದು” ಎಂದರು. ಅವರು ಓದಿದ್ದಕ್ಕೆ ನನಗೆ ಬೇಸರವಾಗಲಿಲ್ಲ.

ಜೂನಿನಲ್ಲಿ ಫಲಿತಾಂಶ ಬಂತು. ಅವಳ ನಂಬರು ನನಗೆ ಬಾಯಿಪಾಠ. ಪತ್ರಿಕೆಯಲ್ಲಿ ಎರಡನೇ ದರ್ಜೆಯ ಸಾಲಿನಲ್ಲಿ ಬೆರಳಿಟ್ಟು ಮೂರು ಸಲ ನೋಡಿದೆ. ನಾಲ್ಕು ದಿನಕ್ಕೆ ಅವಳ ತಂದೆ ಬಂದರು. ಜೋನಿಬೆಲ್ಲದ ಡಬ್ಬಿಯನ್ನು ಮೊದಲು ಅಜ್ಜಿಗೆ ಕೊಟ್ಟು, ಆಮೇಲೆ ಜಗುಲಿಯಲ್ಲಿ ಕೂತು ಟವಲು ಕೈಗೆ ತೆಗೆದುಕೊಂಡರು.

“ಮುಂದಕ್ಕೆ ಓದ್ತೀನಿ ಅಂತಾಳೆ ಅಕ್ಕೋರೇ. ಶಿವಮೊಗ್ಗದಾಗೆ ಹೆಣ್ಣುಮಕ್ಕಳ ಹಾಸ್ಟೆಲ್ ಐತಂತೆ. ಹೋಗಿ ನೋಡ್ಕಂಡು ಬಂದೆ. ಗೋಡೆ ಎತ್ತರ ಐತೆ. ಅಡುಗೆಯವಳ ಹತ್ರ ಮಾತಾಡಿದೆ, ಸಾರಿನ ರುಚಿನೂ ನೋಡಿದೆ.” ಟವಲನ್ನು ಹೆಗಲಿಗೆ ಹಾಕಿಕೊಂಡು, “ಉಳಿಯಾಕೆ ಜಾಗ ಒಂದಿದ್ರೆ ಉಳಿದದ್ದು ಆಗ್ತದೆ ಬಿಡ್ರಿ” ಎಂದರು.

ಮರುವರ್ಷದ ಬೀಳ್ಕೊಡುಗೆಗೆ ನಾನು ಹೋಗಲಿಲ್ಲ. ಹೆಡ್‌ಮಾಸ್ತರರ ಕಾಗದ ಬಂತು, ಅದೇ ಸರ್ಕಾರಿ ಧಾಟಿಯಲ್ಲಿ: “ತಮ್ಮ ಕಾರ್ಡನ್ನು ಸಭೆಯಲ್ಲಿ ಓದಲಾಯಿತು. ಸದರಿ ಬೆಂಚಿನಲ್ಲಿ ಈಗ ಇಬ್ಬರು. ಇಬ್ಬರೂ ಎದ್ದು ನಿಂತರು. ಎಮ್ಮೆಯ ಮಾತಿಗೆ ಸಭೆ ನಕ್ಕಿತು. ಗೋಡೆಯ ಹತ್ತಿರ ನಿಂತಿದ್ದ ತಂದೆಯರು ನಗಲಿಲ್ಲ, ವಿಳಾಸ ಬರೆದುಕೊಂಡರು.”

ಏಪ್ರಿಲಿನ ಒಂದು ಸಂಜೆ ಬಸ್ಸಿನ ಸದ್ದಾಗಿ ಸ್ವಲ್ಪ ಹೊತ್ತಿಗೆ ಜಗುಲಿಯಲ್ಲಿ ಅಜ್ಜಿಯ ದನಿ ಕೇಳಿತು.

“ಪರೀಕ್ಷೆ ಪೈಕಿಯವರೇನು? ಇಬ್ಬರು ಅದೀರಿ? ಬರ್ರಿ, ಕಾಲು ತೊಳಕೊಳ್ರಿ. ಗಟ್ಟಿಯಾಗಿ ಓದೋರು ಯಾರು ನಿಮ್ಮಾಗ?”

ಚಿಲಕ ತೆಗೆದು ನಾನು ಮೇಜನ್ನು ಗೋಡೆಗೆ ಸರಿಸತೊಡಗಿದೆ. ಮೂರು ಹಾಸಿಗೆಗೆ ಜಾಗ ಆಗಬೇಕಿತ್ತು.